ನೀವಿಲ್ಲದಿದ್ದರೆ ಅಂಗಡಿ ಯಾಕೆ ನಿಲ್ಲುತ್ತದೆ? ಒಬ್ಬ ಮೋಟಾರ್ ವೈಂಡಿಂಗ್‌ನವನ ದೋಷ ನಿವಾರಣೆ

ಹೋದ ವರ್ಷ ಚಿತ್ರದುರ್ಗದಲ್ಲಿ ನಮ್ಮ ಸೋದರಮಾವನ ಮನೆಯ ಮದುವೆ ಇತ್ತು. ಮರುದಿನ ಮಕ್ಕಳು ಕೋಟೆ ನೋಡಲೇಬೇಕೆಂದು ಹಟ ಹಿಡಿದವು. ಹತ್ತಿದೆವು. ಓಬವ್ವನ ಕಿಂಡಿಯ ಹತ್ತಿರ ನಿಂತಿದ್ದಾಗ ನನ್ನ ಫೋನು ಬಡಿದುಕೊಂಡಿತು.

“ಅಣ್ಣಾ, 6203 ಬೇರಿಂಗ್ ಎಷ್ಟಕ್ಕೆ ಕೊಡ್ಲಿ? 20 ರೂಪಾಯಿ ಕಮ್ಮಿ ಮಾಡ್ರಿ ಅಂತಾರೆ.”

ದಾವಣಗೆರೆಯಲ್ಲಿರುವ ನನ್ನ ಅಂಗಡಿ ಅಲ್ಲಿಂದ ಸುಮಾರು 60 ಕಿಲೋಮೀಟರ್. ಅದು 20 ರೂಪಾಯಿಗೆ ನಿಂತಿತ್ತು. ನಾನು ಫೋನಿನಲ್ಲಿ ಬೇರಿಂಗ್ ರೇಟು ಹೇಳುತ್ತಿದ್ದರೆ, ಪಕ್ಕದಲ್ಲಿ ಗೈಡು ಓಬವ್ವನ ಕತೆ ಹೇಳುತ್ತಿದ್ದರು. ಕಾವಲಿನ ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ನೋಡಿದಳು, ಒನಕೆ ಎತ್ತಿದಳು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. “ರೀ, ಓಬವ್ವ ಒಬ್ಬೊಬ್ಬನಿಗೂ ಗಂಡನ್ನ ಕೇಳ್ಕೊಂಡು ಬರ್ತೀನಿ ಅಂದಿದ್ರೆ ಏನಾಗ್ತಿತ್ತು?”

ನನಗೆ ಸಿಟ್ಟು ಬಂತು. ಇಳಿಯುವಾಗ ಇನ್ನೂ ನಾಲ್ಕು ಫೋನು ಬಂದವು.

ನಾನು ಮೋಟಾರ್ ವೈಂಡಿಂಗ್ ಮಾಡುವವನು, ಅಂದರೆ ಸುಟ್ಟ ಮೋಟಾರಿನ ತಾಮ್ರದ ವೈರ್ ಸುರುಳಿ (ಕಾಯಿಲ್) ಬಿಚ್ಚಿ ಹೊಸದಾಗಿ ಸುತ್ತುವವನು. ಪಂಪ್‌ಸೆಟ್ ಬಿಡಿಭಾಗಗಳನ್ನೂ ಮಾರುತ್ತೇನೆ. ಅಂಗಡಿಯಲ್ಲಿ ಒಟ್ಟು ಏಳು ಜನ. ದೋಷ ಹುಡುಕುವುದೇ ನನ್ನ ಹೊಟ್ಟೆಪಾಡು. ಊರಿಗೆ ವಾಪಸ್ ಬಂದ ಮೇಲೆ ನನ್ನ ಅಂಗಡಿಯನ್ನೇ ಕೆಟ್ಟ ಮೋಟಾರ್ ಅಂದುಕೊಂಡು ಹುಡುಕಲು ಶುರು ಮಾಡಿದೆ. ಹುಡುಕಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಿಮ್ಮದು ಬಟ್ಟೆ ಅಂಗಡಿ ಇರಬಹುದು, ಅಕ್ಕಿ ಗಿರಣಿ ಇರಬಹುದು, ಮಂಡಕ್ಕಿ ಭಟ್ಟಿ ಇರಬಹುದು. ವೈರ್ ಬಣ್ಣ ಬೇರೆಯಾದರೂ ಕನೆಕ್ಷನ್ ಹೆಚ್ಚುಕಮ್ಮಿ ಒಂದೇ.

ಮೊದಲೇ ಕಾಯಿಲ್ ಬಿಚ್ಚಬೇಡಿ

ಮೂರು ಫೇಸ್ ಮೋಟಾರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ ಅದು ತಕ್ಷಣ ನಿಲ್ಲುವುದಿಲ್ಲ. ಗುಂಯ್ ಅನ್ನುತ್ತಾ ತಿರುಗುತ್ತಲೇ ಇರುತ್ತದೆ. ಉಳಿದ ಎರಡು ಫೇಸ್ ಮೇಲೆ ಕರೆಂಟ್ ಜಾಸ್ತಿಯಾಗಿ, ಕಾಯಿಲ್ ಕಾದು, ಕೊನೆಗೆ ಸುಡುತ್ತದೆ. ರೈತರು ಬಂದು “ನೀವು ಹಾಕಿದ ವೈರೇ ಸರಿ ಇಲ್ಲ” ಅನ್ನುತ್ತಾರೆ. ವೈರ್ ಸರಿಯಾಗೇ ಇರುತ್ತದೆ. ಫ್ಯೂಸ್ ಹೋಗಿರುತ್ತದೆ, ಇಲ್ಲವೇ ಸ್ಟಾರ್ಟರಿನ ಒಂದು ಕಾಂಟ್ಯಾಕ್ಟ್ ಸವೆದಿರುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಮಾಡುವ ಮೊದಲ ತಪ್ಪು ಇದೇ. ಸಪ್ಲೈ ನೋಡದೆ, ಸ್ಟಾರ್ಟರ್ ನೋಡದೆ, ನೇರವಾಗಿ ಮೋಟಾರ್ ಬಿಚ್ಚುತ್ತಾರೆ.

ನಾವು ಮಾಲೀಕರೂ ಇದನ್ನೇ ಮಾಡುತ್ತೇವೆ. “ಹುಡುಗರು ಸರಿ ಇಲ್ಲ ಸ್ವಾಮಿ, ಈಗಿನವರಿಗೆ ಜವಾಬ್ದಾರಿ ಇಲ್ಲ.” ಮಂಡಿಪೇಟೆಯಲ್ಲಿ ಯಾವ ಅಂಗಡಿ ಮುಂದೆ ಟೀ ಹಿಡಿದು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ನಾನೂ ವರ್ಷಗಟ್ಟಲೆ ಹೇಳಿದ್ದೇನೆ. ಅದು ನಿಜ ಇರಬಹುದು. ಆದರೆ ಅದನ್ನು ಕೊನೆಗೆ ನೋಡೋಣ.

ಮೀಟರ್ ಹಾಕಿ

ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕದೆ ಲೋಡ್ ಎಷ್ಟಿದೆ ಅಂತ ಹೇಳಲು ಆಗುವುದಿಲ್ಲ. ಅಂಗಡಿಗೂ ಹಾಗೇ. ನಾನು ಹಾಕಿದ ಮೀಟರ್ ನೂರು ಪುಟದ ಒಂದು ನೋಟ್‌ಬುಕ್. ಕೌಂಟರ್ ಮೇಲೆ ದಾರ ಕಟ್ಟಿ ಇಟ್ಟೆ. ಒಂದು ವಾರ ನನ್ನನ್ನು ಯಾರು ಏನೇ ಕೇಳಿದರೂ ಅದರಲ್ಲಿ ಬರೆಯಬೇಕು. ಫೋನಿನಲ್ಲಿ ಕೇಳಿದ್ದೂ ಲೆಕ್ಕಕ್ಕೆ ಬರುತ್ತದೆ.

ಒಂದು ಕಿತಾಪತಿ ಸೇರಿಸಿದೆ. ಕೇಳುವ ಮೊದಲು ಪಕ್ಕದ ಕಾಲಂನಲ್ಲಿ “ನಾನಾಗಿದ್ದರೆ ಏನು ಮಾಡುತ್ತಿದ್ದೆ” ಅಂತ ಬರೆಯಬೇಕು. ಆಮೇಲೆ ನನ್ನ ಉತ್ತರ. ಮೊದಲ ಎರಡು ದಿನ ಯಾರೂ ಆ ಕಾಲಂ ಮುಟ್ಟಲಿಲ್ಲ. ಕೌಂಟರ್ ಹುಡುಗ ಅಲ್ಲಿ “ನೀವು ಹೇಳಿದ ಹಾಗೆ” ಅಂತ ಬರೆದಿದ್ದ. ಒಬ್ಬೊಬ್ಬರನ್ನೇ ಟೀಗೆ ಕರೆದುಕೊಂಡು ಹೋಗಿ, ತಪ್ಪು ಬರೆದರೂ ಬೈಯುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಪೆನ್ನು ಓಡಿತು.

ವಾರದ ಕೊನೆಗೆ 118 ಪ್ರಶ್ನೆ. 54 ರೇಟಿನ ಬಗ್ಗೆ. 19 ಉದ್ರಿ. 16 ಸಣ್ಣಪುಟ್ಟ ಖರ್ಚು. ಉಳಿದದ್ದರಲ್ಲಿ ವೈಂಡಿಂಗ್ ಲೆಕ್ಕ, ಆಟೋ ಬಾಡಿಗೆ, ಓಟಿಪಿ, “ಶಟರ್ ಎಷ್ಟೊತ್ತಿಗೆ ಎಳೀಲಿ” ಎಲ್ಲ ಇತ್ತು. ನಾನು ಸುಮ್ನೆ ನೋಡುತ್ತಾ ಕೂತದ್ದು ಆ ಸಂಖ್ಯೆಗಳನ್ನಲ್ಲ. ಅವರು ಬರೆದ ಉತ್ತರವೂ ನನ್ನ ಉತ್ತರವೂ ಎಷ್ಟು ಸಲ ಒಂದೇ ಇತ್ತು ಅಂತ ಎಣಿಸಿದೆ. 90 ದಾಟಿತ್ತು.

ಇಲ್ಲಿ ದೋಷ ಎರಡು ದಾರಿಯಾಗುತ್ತದೆ. ಉತ್ತರಗಳು ಹೊಂದದಿದ್ದರೆ ಅವರಿಗೆ ಕೆಲಸ ಗೊತ್ತಿಲ್ಲ, ಕಲಿಸಬೇಕು. ಉತ್ತರ ಹೊಂದಿಯೂ ಕೇಳುತ್ತಿದ್ದಾರೆ ಅಂದರೆ ಕೆಲಸ ಗೊತ್ತಿದೆ, ಕೈಯಲ್ಲಿ ಅಧಿಕಾರದ ಒನಕೆ ಇಲ್ಲ. ನನ್ನದು ಎರಡನೆಯದು. ನಾನು ನೋಡಿದ ಅಂಗಡಿಗಳಲ್ಲೂ ಜಾಸ್ತಿ ಇದೇ.

ದೋಷ ಒಂದು: ರೇಟು

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನ ಅರ್ಧ ಫೋನು ಇದರದ್ದೇ.

ನಮ್ಮ ಹಿರಿಯ ಮೇಸ್ತ್ರಿ ಅಪ್ಪಾಜಿಯ ಕಾಲದವರು. ಮೋಟಾರಿನ ಸದ್ದು ಕೇಳಿಯೇ ಬೇರಿಂಗೋ ಬುಷ್ಷೋ ಅಂತ ಹೇಳುತ್ತಾರೆ. ಆದರೆ ಯಾವ ಗಿರಾಕಿಗೂ ರೇಟು ಹೇಳುವುದಿಲ್ಲ. “ಅದು ಸಾವ್ಕಾರ್ರನ್ನ ಕೇಳ್ರಿ” ಅನ್ನುತ್ತಾರೆ. ನಾನು ಅದನ್ನು ಅವರ ದೊಡ್ಡ ಗುಣ ಅಂದುಕೊಂಡಿದ್ದೆ. ನೋಟ್‌ಬುಕ್ ವಾರದಲ್ಲಿ ಯಾಕೆ ಅಂತ ಕೇಳಿದೆ. ಅವರು ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪು ಮಾಡಿದರು. ನನಗದು ಮರೆತೇ ಹೋಗಿತ್ತು.

ಜಗಳೂರು ಕಡೆಯ ರೈತರೊಬ್ಬರು ಸುಟ್ಟ ಸಬ್‌ಮರ್ಸಿಬಲ್, ಅಂದರೆ ಬೋರಿನ ನೀರೊಳಗೆ ಇಳಿಸುವ ಮೋಟಾರ್, ತಂದಿದ್ದರು. ಮೇಸ್ತ್ರಿ ಇನ್ಸುಲೇಶನ್ ಪರೀಕ್ಷಿಸುವ ಮೆಗ್ಗರ್ ಹಿಡಿದು ನೋಡಿ, ಬಿಚ್ಚಿ ತೋರಿಸಿ, ಒಂದು ರೇಟು ಹೇಳಿದರು. ಆ ರೈತರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊರಗೆ ಹೋಗಿ ಟಿವಿಎಸ್ ಗಾಡಿಗೆ ಒರಗಿ ನನಗೆ ಫೋನು ಮಾಡಿದರು. ನಾನು ಹತ್ತು ಅಡಿ ಒಳಗೆ, ಗಲ್ಲಾದಲ್ಲೇ ಕೂತಿದ್ದೆ.

“ನಿಮ್ಮ ಮೇಸ್ತ್ರಿ ಬಾಳ ಹೇಳ್ತಾರ್ರೀ. ನಿಮ್ಮ ಅಪ್ಪಾರ ಕಾಲದಿಂದ ಬರೋರು ನಾವು.”

“ಆಯ್ತು ಬಿಡ್ರಿ ಗೌಡ್ರೆ, 300 ಕಮ್ಮಿ ಕೊಡ್ರಿ.”

ನಾನು ದೊಡ್ಡ ಮನಸ್ಸು ಮಾಡಿದೆ ಅಂತ ನನಗೇ ಖುಷಿ. ಮೇಸ್ತ್ರಿ ಬಾಗಿಲ ಹತ್ತಿರ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಿದ್ದರು. ಆ ರೈತರು ಒಳಗೆ ಬಂದು ಅವರ ಮುಖ ನೋಡಿ ನಕ್ಕರಂತೆ. ಅಷ್ಟೇ ನಡೆದದ್ದು. ಆವತ್ತಿನಿಂದ ಮೇಸ್ತ್ರಿ ಬಾಯಿಗೆ ರೇಟು ಬರಲಿಲ್ಲ. ಗಿರಾಕಿಗಳೂ ಪಾಠ ಕಲಿತರು: ಈ ಅಂಗಡಿಯಲ್ಲಿ ಮೇಸ್ತ್ರಿ ಹೇಳುವುದು ಒಂದು ರೇಟು, ಫೋನು ಮಾಡಿದರೆ ಇನ್ನೊಂದು. ಕಲಿಸಿದವನು ನಾನೇ.

ನಿಮ್ಮ ಅಂಗಡಿಯಲ್ಲಿ ಈ ದೋಷ ಇದೆಯಾ ಅಂತ ತಿಳಿಯಲು ಹೋದ ತಿಂಗಳ ಬಿಲ್ ತೆಗೆಯಿರಿ. ಡಿಸ್ಕೌಂಟ್ ಕೊಟ್ಟ ಬಿಲ್ಲುಗಳಲ್ಲಿ ಎಷ್ಟು ನಿಮ್ಮ ಬಾಯಿಂದ ಬಂದವು, ಎಷ್ಟು ಕೌಂಟರಿನಿಂದ? ಎಲ್ಲವೂ ನಿಮ್ಮದೇ ಆಗಿದ್ದರೆ ಫ್ಯೂಸ್ ಹೋಗಿರುವುದು ಇಲ್ಲೇ.

ರಿಪೇರಿ ಹೇಳಲು ಸುಲಭ. ಬಿಡಿಭಾಗಗಳ ರೇಟು ಪಟ್ಟಿ ಕೌಂಟರ್ ಮೇಲೆ ಅಂಟಿಸಿದೆ. ನೂರಕ್ಕೆ ಐದರವರೆಗೆ ಕೌಂಟರ್ ಹುಡುಗ ತಾನೇ ಬಿಡಬಹುದು. ವೈಂಡಿಂಗ್ ಕೆಲಸಕ್ಕೆ ಮೇಸ್ತ್ರಿ ಹೇಳಿದ್ದೇ ರೇಟು, ಇಳಿಸುವುದೂ ಅವರೇ. ಕಷ್ಟ ಇರುವುದು ಫೋನು ಬಂದಾಗ. “ಗೌಡ್ರೆ, ರೇಟು ಮೇಸ್ತ್ರಿ ಕೈಲಿದೆ, ಅವ್ರನ್ನೇ ಕೇಳ್ರಿ” ಅನ್ನಬೇಕು. ನಾಲಿಗೆ ತುದಿಗೆ “ಆಯ್ತು ಬಿಡ್ರಿ” ಬಂದು ನಿಲ್ಲುತ್ತಿತ್ತು. ಗಟ್ಟಿಯಾಗಿ ಹಲ್ಲು ಕಚ್ಚಿದೆ. ಮೊದಲ ತಿಂಗಳು ಇಬ್ಬರು ಗಿರಾಕಿ ಮುನಿಸಿಕೊಂಡು ಹೋದರು. ಒಬ್ಬರು ವಾಪಸ್ ಬಂದರು.

ದೋಷ ಎರಡು: ಗಲ್ಲಾದ ಕೀಲಿ

ವಾರ್ನಿಷ್ ಮುಗಿದರೆ ತರಲು ನನ್ನನ್ನು ಕೇಳಬೇಕು. ಇನ್ಸುಲೇಶನ್ ಪೇಪರ್‌ಗೆ ಕೇಳಬೇಕು. ಕೆಲಸ ಕೊಟ್ಟಿದ್ದೆ, ದುಡ್ಡು ಕೊಟ್ಟಿರಲಿಲ್ಲ. ವಾರ್ನಿಷ್ ಇಲ್ಲದೆ ಎರಡು ಸ್ಟೇಟರ್ (ಮೋಟಾರಿನಲ್ಲಿ ಕಾಯಿಲ್ ಕೂರುವ ಭಾಗ) ಮಧ್ಯಾಹ್ನವಿಡೀ ಒಣಗಿ ಕೂತಿರುತ್ತಿದ್ದವು. ನಾನು ಬಂದು “ಯಾಕ್ರಯ್ಯಾ, ಕೆಲಸ ಆಗಿಲ್ಲ?” ಅನ್ನುತ್ತಿದ್ದೆ.

ಈಗ ಎರಡು ವ್ಯವಸ್ಥೆ ಇದೆ. ಮೇಸ್ತ್ರಿ ಹತ್ತಿರ ಒಂದು ಡಬ್ಬಿ, ವಾರಕ್ಕೆ 2,000 ರೂಪಾಯಿ, ಚೀಟಿ ಹಾಕಿದರೆ ಸಾಕು. ಇನ್ನೊಂದು ಯುಪಿಐ ಸರ್ಕಲ್. 2024ರಲ್ಲಿ ಬಂದದ್ದು. ನಮ್ಮ ಬ್ಯಾಂಕ್ ಖಾತೆಯಿಂದ ದುಡ್ಡು ಕೊಡುವ ಅಧಿಕಾರವನ್ನು ಇನ್ನೊಬ್ಬರ ಫೋನಿಗೆ ಕೊಡಬಹುದು. ಅದರಲ್ಲಿ ಎರಡು ಬಗೆ. ಒಂದರಲ್ಲಿ ಅವರು ಪ್ರತಿ ಸಲ ಕೇಳುತ್ತಾರೆ, ನಾವು ಪಿನ್ ಒತ್ತಿದರೆ ಮಾತ್ರ ದುಡ್ಡು ಹೋಗುತ್ತದೆ. ಇನ್ನೊಂದರಲ್ಲಿ ತಿಂಗಳಿಗೆ 15,000 ರೂಪಾಯಿವರೆಗೆ, ಒಂದು ಸಲಕ್ಕೆ 5,000 ದಾಟದಂತೆ, ನಮ್ಮನ್ನು ಕೇಳದೆ ಕೊಡಬಹುದು. ಲೆಕ್ಕ ಮಾತ್ರ ನಮಗೆ ಕಾಣುತ್ತದೆ.

ನಾನು ಮೊದಲು ಹಾಕಿದ್ದು ಯಾವುದು ಹೇಳಿ? ಪಿನ್ ಒತ್ತುವುದು. ಒಂದು ವಾರ ಟಿಣ್ ಟಿಣ್ ಅಂತ ಫೋನು ಬಡಿದು, ಇದು ಹಳೇ ರೋಗವೇ ಹೊಸ ಅಂಗಿ ಹಾಕಿಕೊಂಡು ಬಂದಿದೆ ಅಂತ ಗೊತ್ತಾಯಿತು. ಎರಡನೆಯದಕ್ಕೆ ಬದಲಾಯಿಸಿದೆ. ದೊಡ್ಡ ಖರೀದಿಗೆ ಇದು ಆಗುವುದಿಲ್ಲ, ಅದನ್ನು ಲೆಕ್ಕ ಬರೆಯುವ ಹುಡುಗಿ ಬ್ಯಾಂಕಿನಲ್ಲಿ ತಯಾರು ಮಾಡಿ ಇಡುತ್ತಾಳೆ, ನಾನು ಸಂಜೆ ಒಂದೇ ಸಲ ಒಪ್ಪಿಗೆ ಒತ್ತುತ್ತೇನೆ. ನಗದು ಡಬ್ಬಿ ಕೊಡುವಾಗ ಒಂದು ಮಾತು ಹೇಳಿಡಿ: ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದು ಖರ್ಚು ಅಂತ ನಿಲ್ಲುವುದಿಲ್ಲ.

ದೋಷ ಮೂರು: ತಲೆಯೊಳಗಿನ ಪುಸ್ತಕ

ವೈಂಡಿಂಗ್‌ನವರಿಗೆ ಡೇಟಾ ಪುಸ್ತಕವೇ ಆಸ್ತಿ. ಯಾವ ಮೋಟಾರಿಗೆ ಎಷ್ಟು ಸ್ಲಾಟ್, ಕಾಯಿಲ್‌ಗೆ ಎಷ್ಟು ಸುತ್ತು, ಎಷ್ಟು ಗೇಜ್ ವೈರ್. ಅಪ್ಪಾಜಿ ಬರೆದದ್ದು, ನಾನು ಸೇರಿಸಿದ್ದು. ಅದನ್ನು ನಾನು ಲಾಕರಿನಲ್ಲಿ ಇಡುತ್ತಿದ್ದೆ. ಹುಡುಗರು ಕಲಿತು ಎದುರಿಗೇ ಅಂಗಡಿ ಹಾಕಿದರೆ ಅನ್ನುವ ಭಯ. ಈ ಭಯ ಸುಳ್ಳಲ್ಲ, ನಮ್ಮಲ್ಲಿ ಕಲಿತ ಒಬ್ಬ ಹರಿಹರದಲ್ಲಿ ಅಂಗಡಿ ಹಾಕಿದ್ದಾನೆ. ಆದರೆ ಅವನು ಪುಸ್ತಕ ನೋಡಿ ಕಲಿತವನಲ್ಲ. ಬಿಚ್ಚಿದ ಕಾಯಿಲ್ ಎಣಿಸಿ ಕಲಿತವನು. ಲಾಕರ್ ಯಾರನ್ನೂ ತಡೆಯಲಿಲ್ಲ, ನನ್ನ ಫೋನನ್ನು ಮಾತ್ರ ಬಿಸಿ ಮಾಡಿತು.

ಪುಸ್ತಕ ಮೇಜಿನ ಮೇಲೆ ಬಂದ ಮೂರನೇ ವಾರಕ್ಕೇ ತಪ್ಪಾಯಿತು. ಚಿಕ್ಕ ಹುಡುಗ ಒಂದು ಮೊನೊಬ್ಲಾಕ್ (ಪಂಪು, ಮೋಟಾರ್ ಒಟ್ಟಿಗೇ ಇರುವ) ಮೋಟಾರಿಗೆ ಪುಸ್ತಕ ನೋಡಿ ಒಂದು ಗೇಜ್ ಸಣ್ಣ ವೈರ್ ಹಾಕಿದ್ದ. ಗೇಜ್ ನಂಬರ್ ದೊಡ್ಡದಾದಷ್ಟೂ ವೈರ್ ಸಣ್ಣ, ಸಣ್ಣ ವೈರ್ ಬೇಗ ಕಾಯುತ್ತದೆ. ಭದ್ರಾ ನಾಲೆ ಕಡೆಯ ಗದ್ದೆಯಿಂದ ಮೋಟಾರ್ ವಾಪಸ್ ಬಂತು, ಕಪ್ಪಾಗಿ. ತಾಮ್ರ, ಕೂಲಿ, ರೈತರಿಗೆ ಎರಡು ದಿನ ನೀರಿಲ್ಲ.

ಮುಂಚೆ ಆಗಿದ್ದರೆ ನಾನು ಗಿರಾಕಿ ಮುಂದೆಯೇ ಅವನ ನೀರಿಳಿಸುತ್ತಿದ್ದೆ. ಈ ಸಲ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕೊಟ್ಟ ಅಧಿಕಾರ ಉಳಿಯುತ್ತದೋ ಹೋಗುತ್ತದೋ ಅನ್ನುವುದು ಆ ಐದು ನಿಮಿಷದಲ್ಲಿ ತೀರ್ಮಾನ ಆಗುತ್ತದೆ. ರೈತರಿಗೆ “ತಪ್ಪು ನಮ್ಮದು, ಹೊಸದಾಗಿ ಮಾಡಿ ಕೊಡ್ತೀವಿ, ದುಡ್ಡು ಬೇಡ” ಅಂದೆ. ಶಟರ್ ಎಳೆದ ಮೇಲೆ ಹುಡುಗನನ್ನು ಕೂರಿಸಿ ಪುಸ್ತಕ ತೆಗೆದೆವು. ನೋಡಿದರೆ ಅಪ್ಪಾಜಿಯ ಕೈಬರಹದಲ್ಲಿ 0 ಮತ್ತು 1 ಒಂದೇ ಥರ ಇದ್ದವು! ಲೆಕ್ಕದ ಹುಡುಗಿ ಇಡೀ ಪುಸ್ತಕವನ್ನು ಹೊಸದಾಗಿ ಬರೆಯಲು ಶುರು ಮಾಡಿದಳು. ಸುತ್ತುವ ಮೊದಲು ಇನ್ನೊಬ್ಬರು ವೈರ್ ಅಳೆದು ಸಹಿ ಹಾಕಬೇಕು ಅನ್ನುವ ನಿಯಮ ಮೇಸ್ತ್ರಿಯೇ ತಂದರು.

ದೋಷ ನಾಲ್ಕು: ಎರಡು ಕಡೆಯಿಂದ ಸಪ್ಲೈ

ಇದು ಹಳೇ ಅಂಗಡಿಗಳಲ್ಲಿ ಮಾತ್ರ ಸಿಗುವ ದೋಷ. ಮಗ ಬೆಳಿಗ್ಗೆ ಬಿಟ್ಟುಕೊಟ್ಟ ಅಧಿಕಾರವನ್ನು ಅಪ್ಪ ಸಂಜೆ ವಾಪಸ್ ತೆಗೆದುಕೊಳ್ಳುತ್ತಾರೆ. ನಮ್ಮ ಅಪ್ಪಾಜಿ ದಿನಾ ಐದು ಗಂಟೆಗೆ ಬಂದು ಗಲ್ಲಾ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ರೇಟು ಪಟ್ಟಿ ನೋಡಿ “ಯಾರಪ್ಪ ಇದನ್ನ ಅಂಟಿಸ್ದೋರು? ವ್ಯಾಪಾರ ಅಂದ್ರೆ ಮುಖ ನೋಡಿ ಮಾಡೋದು” ಅಂದರು. ಅವರಿಗೆ ಕುರ್ಚಿ ಬಿಡಿ ಅನ್ನಲು ನನಗೆ ಬಾಯಿಲ್ಲ. ನಿಮಗಿದೆಯಾ?

ಅದೃಷ್ಟಕ್ಕೆ ನೋಟ್‌ಬುಕ್ಕಿನ ಆ 19 ಉದ್ರಿ ಪ್ರಶ್ನೆಗಳು ನೆನಪಾದವು. ಉದ್ರಿ ಯಾರಿಗೆ ಕೊಡಬೇಕು ಅನ್ನುವುದು ಪಟ್ಟಿಯಲ್ಲಿ ಕೂರುವ ವಿಷಯವಲ್ಲ. ಮೆಕ್ಕೆಜೋಳ ಎಪಿಎಂಸಿಗೆ ಹೋದ ಮೇಲೆ ತಾನಾಗಿ ಬಂದು ಕೊಡುವವರು ಯಾರು, ಅಡಿಕೆ ದುಡ್ಡು ಬಂದರೂ ಬೇರೆ ರಸ್ತೆಯಲ್ಲಿ ಹೋಗುವವರು ಯಾರು, ಅಪ್ಪಾಜಿಗೆ ಮೂರು ತಲೆಮಾರು ಗೊತ್ತು. ಉದ್ರಿ ಪುಸ್ತಕವನ್ನು ಅವರ ಕೈಗೇ ಕೊಟ್ಟೆ. ಕೊಡುವುದೂ ಅವರದ್ದೇ, ವಸೂಲಿಯೂ ಅವರದ್ದೇ. ಗಿರಾಕಿ ಬೆಳಿಗ್ಗೆ ಕೇಳಿದರೆ ಹುಡುಗರು ಅವರಿಗೇ ಫೋನು ಮಾಡುತ್ತಾರೆ. ರೇಟು ಪಟ್ಟಿಯ ಬಗ್ಗೆ ಆಮೇಲೆ ಅವರು ಮಾತಾಡಿಲ್ಲ. ಇಷ್ಟವಾಯಿತು ಅಂತಲ್ಲ, ಪುರುಸೊತ್ತಿಲ್ಲ.

ಸಣ್ಣ ವೈರುಗಳು

ಓಟಿಪಿ. ಎಲ್ಲ ಕಡೆ ನನ್ನ ನಂಬರ್ ಕೊಟ್ಟಿದ್ದರಿಂದ ಏನೇ ಮಾಡಿದರೂ ನನ್ನ ಫೋನೇ ಬಡಿಯಬೇಕು. ಟೆಂಪೋದಲ್ಲಿ 50,000 ರೂಪಾಯಿ ದಾಟಿದ ಮಾಲು ಚಳ್ಳಕೆರೆಗೆ ಹೋಗಬೇಕಾದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ, ಬೇಕು. ಆ ಪೋರ್ಟಲ್‌ನಲ್ಲಿ ಕೆಲಸದವರಿಗೆ ಬೇರೆ ಲಾಗಿನ್ ಮಾಡಿಕೊಡಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ, ನನ್ನ ಪಾಸ್‌ವರ್ಡನ್ನೇ ಎಲ್ಲರಿಗೂ ಕೂಗಿ ಹೇಳುತ್ತಿದ್ದೆ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಿಗೆ ಅದರ ಕೊನೆ ದಿನಗಳಾದ 11ನೇ ತಾರೀಖು ಮತ್ತು 20ನೇ ತಾರೀಖು ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಅಲ್ಲೂ ಇನ್ನೊಬ್ಬರನ್ನು ಸಹಿ ಅಧಿಕಾರದವರಾಗಿ ಸೇರಿಸಬಹುದು. ನಾನು ಹೆಂಡತಿಯನ್ನು ಸೇರಿಸಿದೆ. ಬ್ಯಾಂಕಿನ ಓಟಿಪಿ ಮಾತ್ರ ಯಾರಿಗೂ ಹೇಳಬೇಡಿ, ಅದನ್ನು ಬಿಟ್ಟುಕೊಡುವ ವಿಷಯಕ್ಕೆ ಸೇರಿಸಬೇಡಿ.

ಸಂಬಳ. ರೇಟು ಹೇಳುವ ಜವಾಬ್ದಾರಿ ಬಂದ ಮೇಲೂ ಹಳೇ ಸಂಬಳವೇ ಇದ್ದರೆ, ಅದು ಲೋಡ್ ಜಾಸ್ತಿ ಮಾಡಿ ಕೇಬಲ್ ಹಳೇದೇ ಬಿಟ್ಟ ಹಾಗೆ. ಏರಿಸಿ.

ಕಾಯಿಲ್ ನಿಜಕ್ಕೂ ಸುಟ್ಟಿದ್ದರೆ

ಇರುತ್ತದೆ, ಇಲ್ಲ ಅನ್ನುವುದಿಲ್ಲ. ಮೂರು ಸಲ ತೋರಿಸಿದ ಮೇಲೂ ಅದೇ ತಪ್ಪು, ಡಬ್ಬಿಯ ಚೀಟಿಯಲ್ಲಿ ಸುಳ್ಳು, ಸ್ಟಾಕಿನಲ್ಲಿ ತಾಮ್ರ ಕಮ್ಮಿ. ಇದಕ್ಕೆ ರೇಟು ಪಟ್ಟಿಯಿಂದ ರಿಪೇರಿ ಆಗುವುದಿಲ್ಲ, ಆಳು ಬದಲಾಯಿಸಬೇಕು. ನನ್ನ ಏಳು ಜನರಲ್ಲಿ ಅಂಥವನು ಒಬ್ಬ ಸಿಕ್ಕಿದ. ಗಮ್ಮತ್ತು ಏನೆಂದರೆ, ಎಲ್ಲವೂ ನನ್ನ ಮೂಲಕವೇ ನಡೆಯುತ್ತಿದ್ದ ಕಾಲದಲ್ಲಿ ಅವನು ಸಿಕ್ಕಿರಲಿಲ್ಲ. ಡಬ್ಬಿಗೆ ಚೀಟಿ ಬೀಳಲು ಶುರುವಾದ ಮೇಲೆ ಎರಡೇ ತಿಂಗಳಲ್ಲಿ ಮೇಸ್ತ್ರಿಯೇ ಹಿಡಿದರು.

ಓಡಿಸಿ ನೋಡುವುದು

ರಿಪೇರಿಯಾದ ಮೋಟಾರನ್ನು ನೇರವಾಗಿ ಬೋರಿಗೆ ಇಳಿಸುವುದಿಲ್ಲ. ಮೊದಲು ಖಾಲಿ ಓಡಿಸುತ್ತೇವೆ. ನಾನು ಮೊದಲ ದಿನ ಫೋನು ಅಂಗಡಿಯಲ್ಲೇ ಬಿಟ್ಟು ಒಂದು ಗಂಟೆ ಬೆಣ್ಣೆ ದೋಸೆ ತಿನ್ನಲು ಹೋದೆ. ಹೋಟೆಲಿನವರು ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಿದ್ದರು. ಸೌದೆ ಒಲೆ ಮುಂದೆ ನಿಂತವನು ಹಂಚಿನ ಮೇಲೆ ಬೆಣ್ಣೆ ಹಾಕುತ್ತಲೇ ಇದ್ದ. ಎಷ್ಟು ಹಾಕಲಿ ಅಂತ ಒಂದು ಸಲವೂ ಗಲ್ಲಾ ಕಡೆ ತಿರುಗಲಿಲ್ಲ. ನಾನು ಎರಡನೇ ದೋಸೆ ಬೇಡವಾಗಿದ್ದರೂ ಹೇಳಿದೆ, ನೋಡಲಿಕ್ಕೆ.

ಆಮೇಲೆ ಅರ್ಧ ದಿನ. ಆಮೇಲೆ ಒಂದು ದಿನ. ಪ್ರತಿ ಸಲ ವಾಪಸ್ ಬಂದಾಗ ನನಗಾಗಿ ಕಾದಿರುವ ಚೀಟಿ ಎಣಿಸಿದೆ. 14, 9, 4. ಫೆಬ್ರವರಿಯಿಂದ ಮೇವರೆಗೆ ಬೋರ್‌ವೆಲ್ ಮೋಟಾರ್ ಸುಡುವ ಸೀಸನ್, ಆಗ ಈ ಪರೀಕ್ಷೆ ಬೇಡ. ಮಳೆಗಾಲದಲ್ಲಿ ಮಾಡಿ.

ಈ ವರ್ಷ ಶ್ರಾವಣದಲ್ಲಿ ಮತ್ತೆ ಚಿತ್ರದುರ್ಗಕ್ಕೆ ಹೋದೆವು, ಎರಡು ದಿನ. ಅಂಗಡಿಯಿಂದ ಬಂದ ಫೋನು ಎರಡೇ. ನಾನು ಬೀಗುತ್ತಾ ಹೆಂಡತಿಗೆ ತೋರಿಸಿದೆ. ಅವಳು ಫೋನು ಕಸಿದುಕೊಂಡು ಇನ್ನೊಂದು ಪಟ್ಟಿ ತೆಗೆದಳು, ನಾನೇ ಅಂಗಡಿಗೆ ಮಾಡಿದ್ದು. 11 ಇತ್ತು.

ಆ ವೈರ್ ಎಲ್ಲಿಂದ ಬರುತ್ತಿದೆ ಅಂತ ಇನ್ನೂ ಹುಡುಕುತ್ತಿದ್ದೇನೆ. ಹನ್ನೆರಡನೆಯದನ್ನು ಸಂಜೆ ಬಸ್ ಹತ್ತುವ ಮೊದಲು ಮಾಡಿದೆ. ಮೇಸ್ತ್ರಿ ಎತ್ತಿದರು. “ಗಿರಾಕಿ ಜೊತೆ ಮಾತಾಡ್ತಿದೀನಿ, ಆಮೇಲೆ ಮಾಡ್ತೀನಿ ಇಡ್ರಿ” ಅಂದು ಕಟ್ ಮಾಡಿದರು.